ಉಗುಳು ಹಚ್ಚಿ ನೋಡಿದ್ದು

ಕೇಶ್ವಾಪುರ, ಹುಬ್ಬಳ್ಳಿ
14 ಡಿಸೆಂಬರ್ 2024, ಶನಿವಾರ ಮಧ್ಯಾಹ್ನ

ಪ್ರೀತಿಯ ತಮ್ಮ ಎಲ್ವಿನ್‌ಗೆ ನಿನ್ನ ಸೀಲಾಸಣ್ಣ ಬರೆಯುವುದು,

ಹಿಮದಲ್ಲಿ ಕಾಲಿನ ಬೆರಳು ಮರಗಟ್ಟಿವೆ ಎಂದಿದ್ದೆ. ಈಗ ಹೇಗಿವೆ? ಹತ್ತೂ ಇವೆಯೋ ಎಣಿಸಿ ತಿಳಿಸು. ನಿನ್ನ ವೈನಿ ಹೆಣೆದ ಕಾಲುಚೀಲ ಮುಟ್ಟಿದವೇ? ಒಂದು ಉದ್ದ, ಒಂದು ಗಿಡ್ಡ ಇದ್ದರೆ ಗಾಬರಿಯಾಗಬೇಡ, ಎರಡೂ ನಿನ್ನವೇ. ನನ್ನ ಗ್ರೇಸ್ ಹೆಣೆಯುವಾಗ ಟಿ.ವಿ. ನೋಡುತ್ತಾಳೆ.

ಹೌದು, ದವಾಖಾನೆಯಲ್ಲಿ ನಾನು ಉಗುಳು ಹಚ್ಚಿದ್ದು ಖರೇ. ಡಾಕ್ಟರ್ ನನ್ನನ್ನು ಮಕ್ಕಳ ವಾರ್ಡಿನಿಂದ ಹೊರಗೆ ಹಾಕಿದ್ದೂ ಖರೇ. ನಿನ್ನ ಹೆಂಡತಿ ಶೈನಿ ಫೋನಿನಲ್ಲಿ ಇಷ್ಟು ಹೇಳುವಷ್ಟರಲ್ಲಿ ಲೈನ್ ಕಡಿದುಹೋಯಿತಂತೆ. ನಿನ್ನ ಮಗ ಎಬ್ಬಿ ಉಸಿರಿಗೆ ಒದ್ದಾಡುತ್ತಿರುವಾಗ ಅಣ್ಣ ಅಲ್ಲಿ ಗುಟ್ಕಾ ತಿಂದು ಪಿಚಕ್ ಎಂದು ಉಗುಳಿದ ಅಂದುಕೊಂಡು ನೀನು ಗಡಿಯಲ್ಲಿ ಬಂದೂಕು ಹಿಡಿದು ನನ್ನನ್ನು ಬೈಯುತ್ತಿರಬಾರದಲ್ಲ, ಅದಕ್ಕೇ ಈ ಕಾಗದ. ಪೂರಾ ಓದಿ ಆಮೇಲೆ ಬೈ.

ಎಬ್ಬಿಯ ಎದೆಯ ವಿಷಯ ನಿನಗೆ ಹೊಸದಲ್ಲ. ಏಳು ತಿಂಗಳಿಗೇ ಅವಸರ ಮಾಡಿ ಹುಟ್ಟಿ, ಎರಡು ತಿಂಗಳು ಗಾಜಿನ ಪೆಟ್ಟಿಗೆಯಲ್ಲಿ ಮಷಿನ್ನಿನ ಗಾಳಿ ಕುಡಿದು ಬಂದವನು. ಬೇರೆ ಮಕ್ಕಳು ಮೂಗು ಸುರಿಸುತ್ತಾ ಓಣಿ ತುಂಬ ಓಡಾಡುವ ನೆಗಡಿ ಇವನಿಗೆ ಬಂದರೆ ನಾವು ಬಟ್ಟೆಬರೆ ಕಟ್ಟಬೇಕು. ಹೋದ ಶನಿವಾರ ಕೆಮ್ಮು ಹತ್ತಿತು. ಭಾನುವಾರ ಚರ್ಚು ಬಿಡುವಷ್ಟರಲ್ಲಿ ಎದೆಯ ಎಲುಬುಗಳ ನಡುವೆ ಗುಣಿ ಬೀಳತೊಡಗಿತು. ಆಟೋದಲ್ಲಿ ಹಾಕಿಕೊಂಡು ಹೋಗಿ ಸೇರಿಸಿದೆವು. ಡಾಕ್ಟರ್ ನಿರುಪಮಾ ಎಂಬ ಹೆಣ್ಣುಮಗಳು ಎದೆಗೆ ಕಿವಿಕೊಳವೆ ಇಟ್ಟು ಕೇಳಿ, ನ್ಯುಮೋನಿಯಾ ಎಂದರು. ಮೂಗಿಗೆ ಆಕ್ಸಿಜನ್ ನಳಿಗೆ ಹಚ್ಚಿದರು, ಬೆರಳಿಗೆ ಬಟ್ಟೆ ಒಣಹಾಕುವ ಕ್ಲಿಪ್ಪಿನಂಥದ್ದೊಂದು ಕಚ್ಚಿಸಿದರು. ಅದು ತೋರಿಸುವ ಅಂಕಿ ತೊಂಬತ್ತೆರಡರ ಮೇಲಿರಬೇಕಂತೆ. ಅವತ್ತಿನಿಂದ ನಾವು ಮೂವರೂ ಮನುಷ್ಯರ ಮುಖ ನೋಡುವುದು ಬಿಟ್ಟು ಆ ಅಂಕಿಯ ಮುಖ ನೋಡುತ್ತಿದ್ದೇವೆ.

ದವಾಖಾನೆಯ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಕಾಗದವನ್ನು ಡೆಟಾಲಿನಲ್ಲಿ ತೊಳೆದು ಕಳಿಸಬೇಕಾಗುತ್ತದೆ. ಮೆಟ್ಟಿಲಿನ ಮೂಲೆಯಲ್ಲಿ ‘ಇಲ್ಲಿ ಉಗುಳಬಾರದು’ ಎಂದು ಬೋರ್ಡಿದೆ, ಅದರಲ್ಲಿ ‘ಬಾರದು’ ಎಂಬುದರ ಮೇಲೆ ಎಷ್ಟು ಜನ ಉಗುಳಿದ್ದಾರೆಂದರೆ ಈಗ ‘ಇಲ್ಲಿ ಉಗುಳ’ ಅಂತಷ್ಟೇ ಉಳಿದಿದೆ, ಬಂದವರು ಹೇಳಿದ ಮಾತು ಕೇಳುತ್ತಾರೆ. ಇದನ್ನು ಮೊದಲ ದಿನ ಹೇಳಿ ಶೈನಿಯನ್ನು ನಗಿಸಿದೆ. ಎರಡನೆಯ ದಿನ ನನಗೇ ನಗು ಬರಲಿಲ್ಲ. ಗೋಡೆಗೆ ತೂಗುಹಾಕಿದ ಕಫ ಎಳೆಯುವ ಬಾಟಲಿಯಲ್ಲಿ ಯಾವ ಮಗುವಿನದೋ ಕಫ ಹಾಗೇ ಇತ್ತು, ಮೇಲೆ ಕೆನೆಗಟ್ಟಿತ್ತು. ಅದರ ಕೆಳಗೇ ಒಂದು ಬೀಗರ ದಂಡು ಕುಳಿತು ಮಿರ್ಚಿ ಮಂಡಕ್ಕಿ ತಿನ್ನುತ್ತಿತ್ತು. ವಾರ್ಡ್ ಸ್ವಚ್ಛ ಮಾಡುವ ಹನಮೇಶ ಪಾಯಖಾನೆ ಒರೆಸಿದ ಅರಿವೆಯನ್ನೇ ಹಿಂಡಿ ಮಂಚದ ಕೆಳಗೆ ಒರೆಸುತ್ತಾನೆ. ಒರೆಸಿದ ಮೇಲೆ ನೆಲ ಇನ್ನಷ್ಟು ನಾರುತ್ತದೆ. ಸೋಮವಾರ ಎಬ್ಬಿ ಕಿತ್ತೊಗೆದ ಮೂಗಿನ ನಳಿಗೆ ಆ ನೆಲದ ಮೇಲೇ ಬಿತ್ತು. ಹನಮೇಶ ಎತ್ತಿ, ತನ್ನ ಪ್ಯಾಂಟಿಗೆ ಎರಡು ಸಲ ತಿಕ್ಕಿ, ಮಗುವಿನ ಮೂಗಿಗೆ ತರುತ್ತಿದ್ದ. ನಾನು ಕೈ ಹಿಡಿದೆ. ಏನಾಗೂದಿಲ್ಲ ಬಿಡ್ರಿ ಎಂದ. ನಳಿಗೆ ಕಸಿದುಕೊಂಡು, ಸಿಸ್ಟರಿಗೆ ಹೇಳಿ ಬೇರೆಯದು ಹಾಕಿಸಿದೆ. ಇಪ್ಪತ್ತೆಂಟು ವರ್ಷ ಪಂಕ್ಚರ್ ಅಂಗಡಿಯಲ್ಲಿ ಕೂತವನು ನಾನು, ನಾಯಿ ಹೇಲು ಮೆತ್ತಿದ ಟಾಯರನ್ನೂ ಬರಿಗೈಯಲ್ಲಿ ಬಿಚ್ಚಿದ್ದೇನೆ. ಇಂಥ ಹೇಸಿಗೆ ನನಗೆ ಯಾವತ್ತೂ ಆಗಿರಲಿಲ್ಲ.

ಮಂಗಳವಾರ ಮಧ್ಯಾಹ್ನ ಅಂಕಿ ಇಳಿಯತೊಡಗಿತು. ತೊಂಬತ್ತು, ಎಂಬತ್ತೆಂಟು, ಎಂಬತ್ತಾರು. ಸಿಸ್ಟರ್ ಬಂದು ಗೋಡೆಯ ಕೀಲಿ ತಿರುವಿದರು, ಗಾಳಿ ಎಷ್ಟೆಂದು ತೋರಿಸುವ ಗುಂಡು ಮೇಲೆ ಹೋಯಿತು, ಅಂಕಿ ಮಾತ್ರ ಎಂಬತ್ನಾಲ್ಕಾಯಿತು. ಬೆರಳಿನ ಕ್ಲಿಪ್ ಬದಲಿಸಿದರು, ಅದೇ ಎಂಬತ್ನಾಲ್ಕು. ಎಬ್ಬಿಯ ತುಟಿ ನೇರಳೆಹಣ್ಣು ತಿಂದವನ ತುಟಿಯಂತಾಗಿತ್ತು. ಡಾಕ್ಟರ್ ಬಂದು ನೋಡಿ, ಇನ್ನು ಅರ್ಧ ತಾಸು ನೋಡುತ್ತೇನೆ, ಏರದಿದ್ದರೆ ಗಂಟಲಲ್ಲಿ ಪೈಪು ಇಳಿಸಿ ಮಷಿನ್ನಿಗೆ ಹಾಕುತ್ತೇನೆ ಎಂದರು. ಶೈನಿಯನ್ನು ಪಕ್ಕಕ್ಕೆ ಕರೆದು ಮತ್ತೊಂದು ಮಾತನ್ನೂ ಹೇಳಿದರು. ಇವನ ಎದೆ ಎಷ್ಟು ಸೋತಿದೆಯೆಂದರೆ ಈ ಸಲ ಮಷಿನ್ನಿಗೆ ಹಾಕಿದರೆ ತೆಗೆಯಲು ಬರುತ್ತದೆಂದು ಮಾತು ಕೊಡಲಾರೆ ಅಂತ. ಶೈನಿ ಅಳಲಿಲ್ಲ. ಮಂಚದ ಕಂಬಿಗೆ ಹಣೆ ಹಚ್ಚಿ ಕುಳಿತಳು.

ನನಗೆ ಮಾಡಲು ಏನೂ ಇರಲಿಲ್ಲ, ಜೋಕು ಒಂದೂ ನೆನಪಾಗಲಿಲ್ಲ. ಗೋಡೆಯ ನೀರಿನ ಬಾಟಲಿ ನೋಡುತ್ತಾ ನಿಂತೆ. ಆಕ್ಸಿಜನ್ ಆ ನೀರಿನಲ್ಲಿ ಗುಳುಗುಳು ಎಂದು ಹಾದು ಆಮೇಲೆ ಮೂಗಿಗೆ ಹೋಗುತ್ತದೆ. ತಮ್ಮಾ, ದಿನಕ್ಕೆ ಹತ್ತು ಟ್ಯೂಬು ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡಿಯೇ ಹೊಟ್ಟೆ ಹೊರೆದವನು ನಾನು. ಮೇಲೆ ಗುಂಡು ನೋಡಿದರೆ ಗಾಳಿ ಭರ್ತಿ ಬರುತ್ತಿದೆ. ಕೆಳಗೆ ನೀರಿನಲ್ಲಿ ಗುಳ್ಳೆ ಮುದುಕರು ಕೆಮ್ಮಿದ ಹಾಗೆ ಒಂದೊಂದೇ. ಎರಡರ ನಡುವೆ ಎಲ್ಲೋ ಸೋರುತ್ತಿರಬೇಕು. ಸಿಸ್ಟರಿಗೆ ಹೇಳಿದೆ. ಅವರು ಮೂರು ಮಂಚ ಒಬ್ಬರೇ ನೋಡುತ್ತಿದ್ದರು, ಪಾಪ, ನನ್ನ ಕಡೆ ತಿರುಗಲೂ ಇಲ್ಲ.

“ಕಾಕಾ, ಇದೇನು ನಿಮ್ಮ ಸೈಕಲ್ ಟ್ಯೂಬ್ ಅಲ್ರಿ. ಸುಮ್ಮ ಕುಂದರ್ರಿ.”

ಸುಮ್ಮನೆ ಕೂಡ್ರಲಿಲ್ಲ. ವಾಲ್ವು ಸೋರುತ್ತದೋ ನೋಡಲು ನಾವು ಅಂಗಡಿಯಲ್ಲಿ ಏನು ಮಾಡುತ್ತೇವೆ? ಅದನ್ನೇ ಮಾಡಿದೆ. ಬೆರಳು ಬಾಯಲ್ಲಿಟ್ಟು, ದಂಡಿಯಾಗಿ ಉಗುಳು ತೆಗೆದು, ಬಾಟಲಿಯನ್ನು ಗೋಡೆಗೆ ಕೂಡಿಸುವ ನಟ್ಟಿನ ಸುತ್ತ ಬಳಿದೆ. ಬಳಿದು ಕಣ್ಣು ಮಿಟುಕಿಸುವಷ್ಟರಲ್ಲಿ ಹೆಸರುಕಾಳಿನಷ್ಟು ಗುಳ್ಳೆ ಎದ್ದಿತು, ಕಡಲೆಯಷ್ಟಾಯಿತು, ಒಡೆಯಿತು, ಮತ್ತೊಂದು ಎದ್ದಿತು. ಸಿಸ್ಟರ್ ತಿರುಗಿ ನೋಡಿ ಚೀರಿದ್ದಕ್ಕೆ ಮಂಡಕ್ಕಿ ತಿನ್ನುವವರ ಕೈಯಿಂದ ಮಿರ್ಚಿ ಬಿತ್ತು. ಡಾಕ್ಟರ್ ಓಡಿ ಬಂದರು. ನನ್ನ ಬೆರಳು ನೋಡಿದರು, ಗುಳ್ಳೆ ನೋಡಿದರು, ಮತ್ತೆ ನನ್ನನ್ನು ನೋಡಿದರು. ಚಪ್ಪಲಿಗೆ ಮೆತ್ತಿದ್ದನ್ನು ಜನ ಹೇಗೆ ನೋಡುತ್ತಾರೋ ಹಾಗೆ. ಆಮೇಲೆ ತಾವೇ ನಟ್ಟು ಬಿಚ್ಚಿದರು. ಒಳಗೆ ಸಂದು ಮುಚ್ಚುವ ರಬ್ಬರಿನ ವಾಷರ್ ಇರಲೇ ಇಲ್ಲ. ಅದರ ಜಾಗದಲ್ಲಿ ಗಾಯಕ್ಕೆ ಹಚ್ಚುವ ಬಿಳಿ ಪಟ್ಟಿ ಸುತ್ತಿದ್ದರು, ಅದೂ ಕೊಳೆತು ಕರ್ರಗಾಗಿತ್ತು. ಬೇರೆ ಬಾಟಲಿ ತರಿಸಿ ಹಾಕಿದರು. ನೀರು ಅನ್ನದ ಗಡಿಗೆಯಂತೆ ಕುದಿಯಿತು. ಎಂಬತ್ತೇಳು. ತೊಂಬತ್ತು. ತೊಂಬತ್ಮೂರು. ಶೈನಿ ಆಗ ಅತ್ತಳು.

ಡಾಕ್ಟರ್ ನನಗೆ ಬಾಗಿಲು ತೋರಿಸಿ ಹೇಳಿದ್ದು ಇಷ್ಟೇ.

“ಸೋರೂದು ಹುಡುಕಿಕೊಟ್ರಿ, ಛಲೋ ಆತು. ಆ ಬೊಟ್ಟು ಇನ್ನೊಮ್ಮೆ ನನ್ನ ವಾರ್ಡಿನಾಗ ಕಂಡ್ರ ಪ್ಲಾಸ್ಟರ್ ಹಾಕಸ್ತೇನಿ.”

ಹೊರಗೆ ಬೀಡಿ ಸೇದುತ್ತಿದ್ದ ಹನಮೇಶನನ್ನು ಕೇಳಿದೆ. ವಾಷರ್ ದೀಪಾವಳಿಗಿಂತ ಮೊದಲೇ ಹೋಗಿತ್ತಂತೆ, ಬರೆದು ಕೊಟ್ಟಿದ್ದರಂತೆ, ಬಂದಿರಲಿಲ್ಲವಂತೆ, ಅದಕ್ಕೆ ಯಾರೋ ಪಟ್ಟಿ ಸುತ್ತಿದ್ದರಂತೆ. ಎಲ್ಲ ‘ಅಂತೆ’. ನನ್ನ ಅಂಗಡಿಯ ಡಬ್ಬಿಯಲ್ಲಿ ಅಂಥ ವಾಷರ್ ಮುಷ್ಟಿಗಟ್ಟಲೆ ಬಿದ್ದಿವೆ, ಎಲ್ವಿನ್. ಅಷ್ಟು ಸಣ್ಣದರ ಮೇಲೆ ನಿನ್ನ ಮಗನ ಉಸಿರು ನಿಂತಿತ್ತು. ಆ ದೀಪಾವಳಿಯಿಂದ ಈಚೆಗೆ ಅದೇ ಮಂಚದ ಮೇಲೆ ಎಷ್ಟು ಮಕ್ಕಳು ಮಲಗಿ ಹೋದವೋ, ಅವಕ್ಕೆ ಯಾರು ಉಗುಳು ಹಚ್ಚಿ ನೋಡಿದರೋ. ನೆನೆಸಿದರೆ ಅನ್ನ ಸೇರುವುದಿಲ್ಲ.

ಈಗ ಹೆದರಬೇಡ. ಅಂಕಿ ತೊಂಬತ್ತೈದರಲ್ಲಿದೆ, ಗಾಳಿ ಸ್ವಲ್ಪ ಸ್ವಲ್ಪ ಇಳಿಸುತ್ತಿದ್ದಾರೆ. ನಿನ್ನೆ ನಾಲ್ಕು ಚಮಚೆ ಹಾಲು ಕುಡಿದ, ಐದನೆಯದನ್ನು ಸಿಸ್ಟರ ಮೇಲೆ ಉಗುಳಿದ. ಉಗುಳುವುದು ನಮ್ಮ ಮನೆತನದ ವಿದ್ಯೆ ಎಂದು ಅವರು ನಕ್ಕರಂತೆ. ಇನ್ನೂ ನಾಲ್ಕೈದು ದಿನ ಅಲ್ಲಿರಬೇಕು. ಇವತ್ತು ನಿನ್ನ ವೈನಿ ಅವನ ಹತ್ತಿರ ಕುಳಿತಿದ್ದಾಳೆ. ಆರು ದಿನಕ್ಕೆ ಮೊದಲ ಸಲ ಶೈನಿ ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡಳು, ಬೇಡವೆಂದರೂ ಕೇಳದೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಳೆ.

ರಜೆ ಸಿಕ್ಕರೆ ಬಾ. ಸಿಗದಿದ್ದರೆ ಜಗಳ ತೆಗೆಯಬೇಡ, ನಿನ್ನ ಸಾಹೇಬರ ಕೈಯಲ್ಲೂ ಬಂದೂಕು ಇರುತ್ತದೆ. ದೇವರು ನಿನ್ನ ಕಾಲಿನ ಹತ್ತೂ ಬೆರಳನ್ನು ಬೆಚ್ಚಗಿಡಲಿ, ನಿನ್ನನ್ನು ಇಡಿಯಾಗಿ ನಮ್ಮ ಕೈಗೆ ಕೊಡಲಿ.

ನಿನ್ನ ಅಣ್ಣ,
ಸೀಲಾಸ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ಎಬ್ಬಿಗೆ ಕೆಮ್ಮು ಹತ್ತುವ ಎರಡು ದಿನ ಮೊದಲು, ಗುರುವಾರ, ನನಗೆ ನೆಗಡಿ ಇತ್ತು. “ಭಾವಾರ, ನೆಗಡಿ ಇಳಿಯೂತನಾ ಅವನ ಹತ್ರ ಹೋಗಬ್ಯಾಡ್ರಿ” ಎಂದು ಶೈನಿ ಹೇಳಿಯೇ ಚರ್ಚಿನ ಹಾಡಿನ ಪ್ರಾಕ್ಟೀಸಿಗೆ ಹೋಗಿದ್ದಳು. ಅವಳು ಅತ್ತ ಹೋದಳು, ಅವನು ಇತ್ತ ಕೈ ಚಾಚಿದ. ನನ್ನ ಗಲ್ಲ ಉಬ್ಬಿಸಿ ಮೂಗು ಒತ್ತಿಸಿಕೊಂಡು ಅವನ ಮುಖದ ಮೇಲೆ ಫುಸ್ ಎಂದು ಗಾಳಿ ಬಿಡುವ ಆಟ ಇದೆಯಲ್ಲ, ಅದನ್ನು ಆಡಿದೆ. ಒಂದು ಸಲ ಅಲ್ಲ, ಅವನು ನಕ್ಕಷ್ಟು ಸಲ. ಸೇರಿಸಿದ ದಿನ ಡಾಕ್ಟರ್, ಮನೆಯಲ್ಲಿ ಯಾರಿಗಾದರೂ ನೆಗಡಿ ಇತ್ತೇ ಎಂದು ಕೇಳಿದರು. ಭಾವನವರಿಗೆ ಇತ್ತು, ಆದರೆ ಅವರು ಹತ್ತಿರ ಬಂದೇ ಇಲ್ಲ ಎಂದು ಶೈನಿ ನನ್ನ ಪರವಾಗಿ ಹೇಳಿದಳು. ನಾನೂ ಹೌದೆಂದು ತಲೆ ಅಲ್ಲಾಡಿಸಿದೆ. ಮೇಲೆ ನಾಲ್ಕು ಪುಟ ಯಾರ್ಯಾರ ಹೊಲಸನ್ನೋ ಬರೆದೆ, ನನ್ನದನ್ನು ಬರೆದಿರಲಿಲ್ಲ. ಹೇಳಲೋ ಬೇಡವೋ ಎಂದು ನಿನ್ನನ್ನು ಕೇಳುತ್ತಿಲ್ಲ. ಇವತ್ತೇ ಶೈನಿಗೆ ಹೇಳುತ್ತೇನೆ. ಮಂಗಳವಾರದಿಂದ ಅವಳು ಕಂಡಕಂಡವರಿಗೆಲ್ಲ, ನಮ್ಮ ಭಾವನವರೇ ನನ್ನ ಮಗನನ್ನು ಉಳಿಸಿದರು ಎಂದು ಹೇಳುತ್ತಿದ್ದಾಳೆ, ಅದನ್ನು ಕೇಳಲು ಆಗುವುದಿಲ್ಲ. ಇಗೋ, ಕರೆದಳು. “ಭಾವಾರ, ಊಟಕ್ಕ ಬರ್ರಿ. ನೀವು ಬರೂತನಾ ನಾನೂ ತುತ್ತು ಎತ್ತೂದಿಲ್ಲ.” ಎರಡು ತಾಟು ಇಟ್ಟಿದ್ದಾಳೆ. ಹೋಗುತ್ತೇನೆ.