ಬ್ಯಾಡ್ಜಿನ ಮೇಲಿನ ಹೆಸರು

ಅಪ್ಪಾ,

"ಟಿಕೆಟ್ ಮಾಡಿಸ್ತೀನಿ, ಇಬ್ರೂ ಬನ್ನಿ" ಎಂದು ನಾನು ಹೇಳುತ್ತಲೇ ಇದ್ದ ಡಬ್ಲಿನ್‌ಗೆ ಅಮ್ಮ ಒಬ್ಬಳೇ ಬಂದಿದ್ದಾಳೆ, ನೀವು ಹೋದ ಮೇಲೆ. ಇವತ್ತು ರಕ್ತಪರೀಕ್ಷೆಗೆ ಅವಳನ್ನು ನಾನು ಕೆಲಸ ಮಾಡುವ ಆಸ್ಪತ್ರೆಗೇ ಕರೆದೊಯ್ದೆ.

ನರ್ಸ್ ಹೆಸರು ಕ್ಲೇರ್ ಫ್ಲೆಚರ್, ಮಾತಿನ ಮಲ್ಲಿ. ಸೂಜಿ ಕಂಡು ಹೆದರಿದ ಅಮ್ಮನ ಗಮನ ಬೇರೆಡೆ ಸೆಳೆಯಲು ತನ್ನ ಮನೆತನದ ಹೆಸರಿನ ಕಥೆ ತೆಗೆದಳು. ನಾನು ಅದನ್ನು ಕನ್ನಡದಲ್ಲಿ ಹೇಳುತ್ತ ಹೋದೆ. ಫ್ಲೆಚರ್ ಎಂದರೆ ಬಾಣ ಮಾಡುವವನಂತೆ. ಮೂಲ ಫ್ರೆಂಚ್, ಬೆಳೆದದ್ದು ಇಂಗ್ಲೆಂಡಿನಲ್ಲಿ. ಬಾಣದ ಕಾಲ ಮುಗಿದು ಶತಮಾನಗಳಾದರೂ ಅಲ್ಲಿ ಈಗಲೂ ಎಲ್ಲಿ ನೋಡಿದರೂ ಫ್ಲೆಚರ್‌ಗಳಂತೆ.

"ಹಾಗಾದ್ರೆ ಕಸುಬು ಹೋಯ್ತು, ಹೆಸರು ಉಳೀತು ಅನ್ನು," ಎಂದಳು ಅಮ್ಮ.

ನಮ್ಮ ಮನೆತನದ ಹೆಸರೇನೆಂದು ಕ್ಲೇರ್ ಕೇಳಿದಳು. ನಮಗೆ ಅಂಥದ್ದಿಲ್ಲ, ಪಾಸ್‌ಪೋರ್ಟಿಗಾಗಿ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರನ್ನೇ ಹಾಕಿದ್ದು ಎಂದೆ. ಗಂಡನ ಹೆಸರು ಹೇಳಿ ಎಂದು ಅವಳು ಅಮ್ಮನತ್ತ ತಿರುಗಿದಳು. ಅಮ್ಮ ಎಂದಾದರೂ ನಿಮ್ಮ ಹೆಸರು ಹೇಳಿದ್ದಾಳೆಯೇ? ನನ್ನ ಬ್ಯಾಡ್ಜ್ ತೋರಿಸಿದಳು.

"ಗ್ರ್ಯಾಂಡ್!" ಎಂದು ಕ್ಲೇರ್ ನಕ್ಕಳು. ಐರಿಷರ ‘ಸರಿ’ ಅದು.

ಇಲ್ಲಿ ಎಲ್ಲರೂ ನನ್ನನ್ನು ಕರೆಯುವುದು ನಿಮ್ಮ ಹೆಸರಿನಿಂದಲೇ. ನನಗದು ಅಭ್ಯಾಸವಾಗಿಬಿಟ್ಟಿದೆ. ಅಮ್ಮನಿಗೆ ಮೊದಲೇ ಹೇಳಿರಬೇಕಿತ್ತು.

ಆಮೇಲೆ ನಾವಿಬ್ಬರೂ ಹೊರಗೆ ಬೆಂಚಿನ ಮೇಲೆ ಕೂತಿದ್ದೆವು. ಕಾರಿಡಾರಿನ ಆ ತುದಿಯಿಂದ ಯಾರೋ ಜೋರಾಗಿ ಕೂಗಿದರು: "ಅನಂತಕೃಷ್ಣ!"

ಅಮ್ಮ ತಟ್ಟನೆ ಎದ್ದು, ಸೆರಗು ಸರಿಮಾಡಿಕೊಂಡು, ಬಾಗಿಲ ಕಡೆ ನೋಡಿದಳು.

ಕರೆದದ್ದು ನನ್ನನ್ನು. ಆದರೂ ಅವಳು ಮತ್ತೆ ಕೂರುವವರೆಗೆ ನಾನು ಓಗೊಡಲಿಲ್ಲ.