ಮಾರ್ಕೆಟಿಂಗ್ ಓದಲು ಹೊರಟ ಧೀರನಿಗೆ

ಮರಿ,

ಅನ್ನ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೊ.

ಎಂಬಿಎಯಲ್ಲಿ ಮಾರ್ಕೆಟಿಂಗ್ ತಗೊಂಡರೆ ಬೇಗ ಕೆಲಸ ಸಿಗುತ್ತೆ ಅಂತ ಗೆಳೆಯ ಕಿವಿ ಊದಿದ, ನೀನು ಗೋಣು ಆಡಿಸಿ ಬಂದೆ. ಭೇಷ್! ಯಾರಾದರೂ ಬಾಗಿಲ ಗಂಟೆ ಬಾರಿಸಿದರೆ ಟಿವಿ ಆರಿಸಿ ಉಸಿರು ಬಿಗಿಹಿಡಿದು ಕೂರುವವನು ನೀನು. ಕಿತ್ತುಹೋದ ಹೊಸ ಚಪ್ಪಲಿ ವಾಪಸ್ ಕೊಡಲು ಅಂಗಡಿಗೆ ನನ್ನನ್ನು ಅಟ್ಟಿದವನು. ಇನ್ನು ಊರ ಜನಕ್ಕೆಲ್ಲ ಸಾಮಾನು ಮಾರುತ್ತೀಯಾ?

ಮನೆ ಬದಲಿಸಿದಾಗ ನೀನೇ ಇಡೀ ಸಂಸಾರವನ್ನು ಒಂದೇ ವ್ಯಾನಿನಲ್ಲಿ, ಒಂದು ಲೋಟವೂ ಒಡೆಯದಂತೆ ಜೋಡಿಸಿದ್ದೆ. ಸರಕು ಸಾಗಣೆಯ ಓದೂ ಅಲ್ಲೇ ಇದೆಯಂತಲ್ಲ, ಅದು ಕಣ್ಣಿಗೆ ಬೀಳಲಿಲ್ಲವೇ?

ವಿಷಯ ಬದಲಿಸಲು ಇವತ್ತೇ ಕೊನೆ ದಿನ. ಕಾಲೇಜಿಗೆ ನೀನೇ ಫೋನ್ ಮಾಡು. "ಅಜ್ಜಿ, ನೀನೇ ಮಾತಾಡು" ಅಂತ ಗೋಗರೆಯಬೇಡ. ನನ್ನ ಮೊಬೈಲು ಇಲ್ಲೇ ಬಿಟ್ಟು ಹೊರಟಿದ್ದೇನೆ.

ಅಜ್ಜಿ