ಅವ್ವನ ಪಾಲಿನ ಜಪ

ಮೇ 18, ಭಾನುವಾರ. ಸಂಜೆ 5.30

...ಆದರೂ ನಿನ್ನೆ ಬರೆದದ್ದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ಬೆಳಕಿರುವಾಗಲೇ ಲೈಟು ಹಾಕಿದರೆ ತಪ್ಪೇನು? ಮನೆ ನನ್ನದು, ಸ್ವಿಚ್ಚು ನನ್ನದು. ಎದುರುಮನೆ ಚಿಕ್ಕಬೀರಮ್ಮ ಇವತ್ತೂ ಕೇಳಿದಳು.

"ಏನ್ ಇನಾಸಪ್ಪ, ಸೂರ್ಯ ಎಲ್ಲವ್ನೆ ಅಂತ ನೋಡಕ್ಕೆ ಲೈಟ್ ಆಕಿದ್ದೀಯಾ?"

ಅವಳಿಗೂ ಗೊತ್ತಿರುವ ವಿಷಯವೇ.

ಅವ್ವನಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ಜಗುಲಿಯಲ್ಲಿ ಪೇಪರ್ ಓದುತ್ತ ಕೂತ ನನ್ನನ್ನೇ ಗಡಿಯಾರ ಮಾಡಿಕೊಂಡಿದ್ದಳು. "ಅಕ್ಸರ ಕಾಣ್ತವೇನ್ಲಾ?" ಕಾಣುತ್ತವೆ ಅಂದರೆ ಇನ್ನೂ ಹೊತ್ತಿದೆ. ಕಾಣುವುದಿಲ್ಲ ಅಂದರೆ ಜಪದ ಹೊತ್ತು. ಪೇಪರ್ ಮಡಚಬೇಕು, ಒಳಗೆ ಹೋಗಿ ಮೊಣಕಾಲೂರಬೇಕು. ಜಪ ಮುಗಿದ ಮೇಲೇ ಲೈಟು.

ಈಗ ಅಕ್ಷರ ಕಾಣದ ಹೊತ್ತು ಈ ಮನೆಗೆ ಬರುವುದೇ ಇಲ್ಲ. ಟ್ಯೂಬ್‌ಲೈಟು ಬಿಡುವುದಿಲ್ಲ. ವೆರಿ ಗುಡ್ ಅರೇಂಜ್‌ಮೆಂಟ್.

ಮೇ 19, ಸೋಮವಾರ

ನಿನ್ನೆ ಪೂರ್ತಿ ಬರೆಯಲಿಲ್ಲ. ಬರೆದುಬಿಡುತ್ತೇನೆ. ಯಾರು ಓದಬೇಕಾಗಿದೆ.

ಜಪಸರ ಇಬ್ಬರ ಕೆಲಸ. ಒಬ್ಬರು 'ನಮೋ ಮರಿಯಾ' ಅಂತ ಶುರು ಮಾಡಿ ಅರ್ಧಕ್ಕೆ ನಿಲ್ಲಿಸಬೇಕು. ಇನ್ನೊಬ್ಬರು 'ಸಂತ ಮರಿಯಾ' ಅಂತ ಎತ್ತಿಕೊಂಡು ಮುಗಿಸಬೇಕು. ಮಣಿ ಸರಿಯುತ್ತದೆ, ಮತ್ತೆ ಶುರು. ನಮ್ಮ ಮನೆಯಲ್ಲಿ ಶುರು ಅವ್ವನದು, ಮುಗಿಸುವುದು ನನ್ನದು. ಅಪ್ಪ ಸತ್ತಾಗಿನಿಂದ ಹಾಗೆ. ಮದುವೆಯಾಗಿ ಬಂದ ಫಿಲೋಮಿನಾ ನನ್ನ ಕಡೆ ಸೇರಿದಳು. ಅವಳು ಕಾಯಿಲೆಯಲ್ಲಿ ಹೋದ ಮೇಲೆ ಈ ಕಡೆ ಮತ್ತೆ ನಾನೊಬ್ಬನೇ. ಅರವತ್ತು ದಾಟಿದ ಗಂಡಸು, ಬಾಯಲ್ಲಿ ಅರ್ಧ ಪ್ರಾರ್ಥನೆ.

ಮೊದಲರ್ಧ ಗೊತ್ತಿಲ್ಲ ಅಂತಲ್ಲ. ಗೊತ್ತು. ಆದರೆ ಅದು ನನ್ನೊಳಗೆ ಅವಳ ಗಂಟಲಲ್ಲೇ ಇದೆ, ಅವಳ ಅಡ್ಡಮಾತಿನ ಸಮೇತ. "ನಮೋ ಮರಿಯಾ, ವರಪ್ರಸಾದ ಪೂರ್ಣೆ — ಲೇ, ಕರು ಕಟ್ಟಿದ್ಯಾ? — ಪ್ರಭು ನಿಮ್ಮೊಡನೆ ಇದ್ದಾರೆ — ಆಲು ಉಕ್ತಾ ಅದೆ ನೋಡೇ ಪಿಲೋಮಿ —" ಮಾತೆ ಮರಿಯಮ್ಮ ಏನು ತಿಳಿದುಕೊಂಡಾರು ಅಂದರೆ, "ಅವ್ರೂ ಮನೆ ನಡ್ಸಿದೋರೆಯ. ತಿಳ್ಕತಾರೆ ಬುಡು" ಅನ್ನುತ್ತಿದ್ದಳು.

ಫೆಬ್ರವರಿಯಲ್ಲಿ ಅವ್ವನನ್ನು ಮಣ್ಣು ಮಾಡಿ ಬಂದ ವಾರ ನಾನೇ ಕೂತೆ. 'ನಮೋ' ತನಕ ಬಂತು. ಆಮೇಲೆ ಸುಮ್ಮನಿದ್ದೆ. ಯಾಕೆ ಸುಮ್ಮನಿದ್ದೇನೆ ಅಂತ ನನಗೇ ತಿಳಿಯಲು ಹೊತ್ತು ಹಿಡಿಯಿತು. ಕಾಯುತ್ತಿದ್ದೆ — ಅವಳು ಮುಂದಕ್ಕೆ ಹೇಳಲಿ ಅಂತ.

ಎದ್ದು ಲೈಟು ಹಾಕಿದೆ. ಅವತ್ತಿನಿಂದ ಇದೇ.

ಹುಣಸೂರು ಕಾಲೇಜಿನಲ್ಲಿ ಬಿ.ಎ. ಸೆಕೆಂಡ್ ಇಯರ್, ಕಾಲೇಜ್ ಡೇಗೆ ಇಂಗ್ಲಿಷ್ ಡ್ರಾಮ. ನನಗೊಂದು ಲೈನು. 'ದ ಕ್ಯಾರೇಜ್ ಈಸ್ ವೇಟಿಂಗ್, ಮೈ ಲಾರ್ಡ್.' ಅದಕ್ಕೆ ಮುಂಚೆ ಮೈ ಲಾರ್ಡ್ ಏನೋ ಹೇಳಬೇಕಿತ್ತು, ಹುಡುಗ ಮರೆತ. ನಾನು ಸ್ಟೇಜ್ ಮೇಲೆ ಕೈಕಟ್ಟಿ ನಿಂತೇ ಇದ್ದೆ. ಕ್ಯೂ ಇಲ್ಲದೆ ಲೈನು ಹೇಗೆ ಹೇಳುವುದು? ಕ್ಯಾರೇಜ್ ಈಗಲೂ ವೇಟಿಂಗು.

ಮೇ 24, ಶನಿವಾರ

ಮರಿಯಮ್ಮನ ತಿಂಗಳು. ದಿನಕ್ಕೊಂದು ಮನೆಯಲ್ಲಿ ಕೇರಿಯವರೆಲ್ಲ ಸೇರಿ ಜಪ ಮಾಡುವುದು ವಾಡಿಕೆ. ಇವತ್ತು ನಮ್ಮ ಮನೆ ಸರದಿ. ಶುರು ಮಾಡುವವರು ಮನೆಯ ಹಿರಿಯರು. ಅಂದರೆ ಈಗ ನಾನು.

ಮೂರು ಗಂಟೆಗೆ ಬೀಗ ಹಾಕಿ ಬಸ್ಸು ಹತ್ತಿದೆ. ಕೊಪ್ಪದಲ್ಲಿ ಇಳಿದೆ. ಕೆಲಸವಿರಲಿಲ್ಲ. ಟಿಬೆಟಿನವರ ಅಂಗಡಿಯಲ್ಲಿ ಸ್ವೆಟರ್ ಮುಟ್ಟಿ ನೋಡಿದೆ, ಈ ಸೆಕೆಯಲ್ಲಿ. ಒಬ್ಬ ಮುದುಕಿ ಬಾಗಿಲಲ್ಲಿ ಕೂತು ಮಣಿ ತಿರುಗಿಸುತ್ತಿದ್ದಳು. ಅವರ ಮಣಿ, ಅವರ ಮಂತ್ರ. ಒಬ್ಬಳೇ ಹೇಳಿಕೊಳ್ಳುತ್ತಿದ್ದಳು, ಯಾರಿಗೂ ಕಾಯದೆ. ಅಲ್ಲಿಂದಲೂ ಹೊರಟು ಬಂದೆ.

ವಾಪಸ್ ಬಂದರೆ ಜಗುಲಿ ಮೇಲೆ ಕರಗಿದ ಮೇಣ.

"ಬಂದಿದ್ರು," ಅಂದಳು ಚಿಕ್ಕಬೀರಮ್ಮ. "ಬೀಗ ನೋಡಿದ್ರು. ಇಲ್ಲೇ ಮೊಣಕಾಲ್ ಹಾಕ್ಕೊಂಡು ಮಾಡುದ್ರು. ಬಾಗ್ಲುಗೇ."

"ಏನಾದರೂ ಅಂದರಾ ಅಕ್ಕ?"

"ಏನಂದಾರು? ನಿಮ್ಮವ್ವ ಗ್ಯಾನಮ್ಮನ ಆತ್ಮಕ್ಕೆ ಶಾಂತಿ ಕೊಡಪ್ಪ ಅಂದ್ರು. ನಿಂಗೂ ಒಸಿ ಬುದ್ಧಿ ಕೊಡು ಅಂತ ನಾನು ಸೇರ್ಸ್ದೆ."

ಮೇಣ ಕೆರೆದು ತೆಗೆಯಲು ಹೋದೆ. ಆಗಲಿಲ್ಲ. ಬಿಟ್ಟೆ.

ಜೂನ್ 3, ಮಂಗಳವಾರ

ಬರೆಯಲು ಏನೂ ಇರಲಿಲ್ಲ. ಪಿರಿಯಾಪಟ್ಟಣದಿಂದ ಮಗಳು ಸಿಲ್ವಿಯಾ ಬಂದಿದ್ದಳು. ಬೀಗದ ವಿಷಯ ಅವಳ ಕಿವಿಗೂ ಬಿದ್ದಿದೆ.

"ಅಪ್ಪಾ, ಯೂಟ್ಯೂಬಲ್ಲಿ ಜಪಸರ ಇದೆ. ಹಾಕ್ಕೊಂಡು ಕೂತ್ಕೊಳಿ. ಅಜ್ಜಿಗೋಸ್ಕರ ಆದ್ರೂ."

ಹಾಕಿಕೊಟ್ಟು ಹೋದಳು. ಕೂತೆ. ಹೆಣ್ಣುದನಿ, ಕ್ಲಿಯರ್ ಪ್ರೊನನ್ಸಿಯೇಶನ್, ಹಿಂದೆ ಮ್ಯೂಸಿಕ್ಕು. 'ನಮೋ ಮರಿಯಾ' ಅಂದಿತು. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನರ್ಧವನ್ನೂ ಅದೇ ಹೇಳಿ ಮುಗಿಸಿತು. ಫೋನು ಯಾರಿಗೂ ಕಾಯುವುದಿಲ್ಲ. ನಡುವೆ ಒಂದು ಅಡ್ವರ್ಟೈಸ್‌ಮೆಂಟು — ಮಂಡಿನೋವಿನ ಎಣ್ಣೆ. ಅವ್ವ ಇದ್ದಿದ್ದರೆ ಆ ಎಣ್ಣೆ ಎಲ್ಲಿ ಸಿಗುತ್ತೆ ಕೇಳು ಅನ್ನುತ್ತಿದ್ದಳು. ಆಫ್ ಮಾಡಿದೆ.

'ಟೈಮ್ ಈಸ್ ದ ಬೆಸ್ಟ್...' ಡಾಕ್ಟರೋ, ಟೀಚರೋ. ಏನೋ ಒಂದು. ಮೇಷ್ಟ್ರು ಬೋರ್ಡಿನ ಮೇಲೆ ಬರೆದಿದ್ದರು.

ಕತ್ತಲಾಗುವ ಮುಂಚೆ ಚಿಕ್ಕಬೀರಮ್ಮ ಬಂದಳು. ನಿಂತೇ ಹೇಳಿದಳು.

"ಅಂತೋಣಪ್ಪನ ಅಬ್ಬ ಬಂತು. ನಾನಂತೂ ಓಯ್ತೀನಿ. ನೀನು ಬತ್ತೀಯೋ, ಕೊಪ್ಪಕ್ಕೆ ಓಯ್ತೀಯೋ?"

ಡೋರನಹಳ್ಳಿ ಸಂತ ಅಂತೋಣಿಯವರ ಹಬ್ಬ. ವರ್ಷವೂ ಹಿಂದಿನ ದಿನವೇ ಅವ್ವ, ಇವಳು, ಕೇರಿಯ ಹೆಂಗಸರು ಬಸ್ಸಿನಲ್ಲಿ ಕೆ.ಆರ್. ನಗರಕ್ಕೆ ಹೋಗಿ, ಅಲ್ಲಿಂದ ನಡೆದು ಹೋಗುತ್ತಿದ್ದರು. ನಾನು ಬಸ್‌ಸ್ಟ್ಯಾಂಡಿನವರೆಗೆ ಚೀಲ ಹೊತ್ತು ವಾಪಸ್. ಚಿಕ್ಕಬೀರಮ್ಮನ ಮನೆದೇವರು ಬೇರೆ. ಆದರೆ ಒಮ್ಮೆ ಅವಳ ಎಮ್ಮೆ ಕಳೆದಾಗ ಅವ್ವ ಅಂತೋಣಿಯವರಿಗೆ ಹರಕೆ ಹೊತ್ತಳು, ಎಮ್ಮೆ ಸಿಕ್ಕಿತು. ಕಳೆದದ್ದನ್ನು ಹುಡುಕಿಕೊಡುವ ಸಂತ. ಅಂದಿನಿಂದ ಇವಳು ಒಂದು ವರ್ಷವೂ ತಪ್ಪಿಸಿಲ್ಲ.

"ನಾನು ಬಂದು ಏನು ಮಾಡಲಿ ಅಕ್ಕ? ನನ್ನ ಎಮ್ಮೆ ಕಳೆದಿಲ್ಲ."

"ಏನ್ ಕಳ್ದದೆ ಅಂತ ಅವ್ರನ್ನೇ ಕೇಳು. ಬಾ."

ಜೂನ್ 11, ಬುಧವಾರ

ಅವ್ವನ ಜಪಸರ ಜೇಬಿನಲ್ಲಿ ಹಾಕಿಕೊಂಡೆ. ತೆಗೆದಿಟ್ಟೆ. ಮತ್ತೆ ಹಾಕಿಕೊಂಡೆ. ಕರುವಿಗೆ ಹುಲ್ಲು ಹಾಕಲು ಹಿಂದಿನ ಮನೆಯ ಮಾದೇಶನಿಗೆ ಹೇಳಿದ್ದೇನೆ.

ಜೂನ್ 14, ಶನಿವಾರ. ಬೆಳಿಗ್ಗೆ

ಕಾಲು ಊದಿದೆ. ಕೂತಲ್ಲೇ ಬರೆಯುತ್ತಿದ್ದೇನೆ.

ಮೊನ್ನೆ ಕೆ.ಆರ್. ನಗರದಲ್ಲಿ ಇಳಿದು ನಡೆದೆವು. ಇಪ್ಪತ್ತು ಜನವಿರಬಹುದು, ಮುಕ್ಕಾಲು ಹೆಂಗಸರು. ನಾಲೆ ಪಕ್ಕದಲ್ಲಿ ಒಂದು ಹೊಂಗೆಮರ. ಅಲ್ಲಿ ಕೂತು ನೀರು ಕುಡಿದು, ಅಲ್ಲಿಂದ ಜಪ ಹೇಳುತ್ತ ಹೊರಡುವುದು ರೂಢಿಯಂತೆ. ನೀರು ಕುಡಿದರು. ಸೀರೆ ಕೊಡವಿ ಎದ್ದರು. ಯಾರೂ ಹೊರಡಲಿಲ್ಲ.

ಲೂರ್ದಮ್ಮ — ನಮ್ಮ ಕೇರಿಯವಳೇ, ಕೂಗಿ ಮಾತಾಡುವವಳು — ಮೆಲ್ಲಗೆ ಅಂದಳು: "ಇಲ್ಲಿಂದ ಗ್ಯಾನಮ್ಮತ್ತೆ ಶುರು ಮಾಡೋರು. ಈಗ ನೀವೇ ಮಾಡ್ಬೇಕು ಇನಾಸಣ್ಣ."

ಎಲ್ಲರೂ ನನ್ನ ಕಡೆ. ಇಲ್ಲಿ ಬೀಗ ಹಾಕಲು ಬಾಗಿಲಿಲ್ಲ. ಜಪಸರ ತೆಗೆದೆ. ಬೆವರಿಗೆ ಮಣಿ ಜಾರುತ್ತಿತ್ತು. ಕಣ್ಣು ಮುಚ್ಚಿ ಬಾಯಿ ತೆರೆದೆ.

"ಸಂತ ಮರಿಯಾ, ದೇವಮಾತೆಯೇ, ಪಾಪಿಗಳಾದ ನಮಗಾಗಿ..."

ಶುರುವಲ್ಲ, ಉತ್ತರ. ನನ್ನ ಪಾಲು. ನಡುವೆ ತಪ್ಪು ತಿಳಿಯಿತು, ಆದರೆ ನಿಲ್ಲಿಸಲು ಬರಲಿಲ್ಲ. ಬಂಡಿ ಇಳಿಜಾರಿನಲ್ಲಿ ಹೋದ ಹಾಗೆ ಆಮೆನ್ ತನಕ ಹೋಗಿ ನಿಂತೆ.

ಲೂರ್ದಮ್ಮ ಸೆರಗು ಬಾಯಿಗೆ ಇಟ್ಟುಕೊಂಡಳು, ನಗುವಿಗೋ ಅಳುವಿಗೋ. ಯಾರಿಗೂ ಗೊತ್ತಾಗಲಿಲ್ಲ, ಉತ್ತರಕ್ಕೆ ಏನು ಉತ್ತರ?

ಆಗ ಹಿಂದಿನಿಂದ ಚಿಕ್ಕಬೀರಮ್ಮ. ಅವಳಿಗೆ ಮೊದಲು ಯಾವುದು, ಆಮೇಲೆ ಯಾವುದು, ಏನು ಗೊತ್ತು? ಎದುರುಮನೆಯಿಂದ ವರ್ಷಗಟ್ಟಲೆ ಕಿವಿಗೆ ಬಿದ್ದದ್ದಷ್ಟೇ. ನಾನು ನಿಲ್ಲಿಸಿದ ಮೇಲೆ ಏನು ಬರಬೇಕೋ ಅದನ್ನು ಹೇಳಿದಳು.

"ನಮೋ ಮರಿಯಾ, ವರಪ್ರಸಾದ ಪೂರ್ಣೆ, ಪ್ರಬು ನಿಮ್ಮೊಡ್ನೆ ಇದಾರೆ..."

ಅವ್ವನ ರಾಗ. ಅವ್ವ ಉಸಿರು ಎಳೆದುಕೊಳ್ಳುತ್ತಿದ್ದ ಜಾಗದಲ್ಲೇ ಉಸಿರು. ಒಬ್ಬೊಬ್ಬರೇ ಸೇರಿದರು. ಆಮೇಲೆ ಎಲ್ಲರೂ. ನಾನು ಮತ್ತೆ 'ಸಂತ ಮರಿಯಾ' ಅಂದೆ. ಅವರು 'ನಮೋ ಮರಿಯಾ' ಅಂದರು. ಡೋರನಹಳ್ಳಿ ತನಕ ಹೀಗೇ ಹೋದೆವು. ಜಪಸರ ತಲೆಕೆಳಗು. ಎದುರು ಬಂದ ಟ್ರ್ಯಾಕ್ಟರಿನವನು ಇಂಜಿನ್ ಆಫ್ ಮಾಡಿ ದಾರಿ ಬಿಟ್ಟ.

ಅವ್ವನ ಪಾಲು ಅಷ್ಟು ಬಾಯಿಂದ ಬರುತ್ತಿತ್ತು. ಎಷ್ಟೋ ತಿಂಗಳ ಮೇಲೆ ನನ್ನ ಪಾಲು ಕೇಳುವವರಿದ್ದರು. ಕಣ್ಣು ಒರೆಸಿಕೊಳ್ಳಲಿಲ್ಲ. ಧೂಳು ಅಂತ ಎಲ್ಲರೂ ತಿಳಿದುಕೊಳ್ಳಲಿ.

ಗುಡಿಯ ಬಾಗಿಲಲ್ಲಿ ನನ್ನ ನಾಚಿಕೆ ನೋಡಿ ಚಿಕ್ಕಬೀರಮ್ಮನೇ ಅಂದಳು: "ಮುಂದ್ಲುದು ಇಂದಾಯ್ತು, ಇಂದ್ಲುದು ಮುಂದಾಯ್ತು. ಮರಿಯಮ್ಮ ಜೋಡ್ಸ್ಕತಾರೆ ಬುಡಪ್ಪ."

ರಾತ್ರಿ ಅಲ್ಲೇ ಮಲಗಿ, ಬೆಳಿಗ್ಗೆ ಹಬ್ಬದ ಪೂಜೆ ನೋಡಿದೆವು. ಆಮೇಲೆ ಸಂತರ ಮುಂದೆ ಸಾಲು. ನನ್ನ ಸರದಿ ಬಂದಾಗ ಏನು ಕೇಳಬೇಕೋ ತೋಚಲಿಲ್ಲ. ಮೇಣದಬತ್ತಿ ಹಚ್ಚುವಷ್ಟರಲ್ಲಿ ಹಿಂದಿನವರು ನೂಕಿದರು. ಏನೂ ಕೇಳದೆ ಬಂದೆ.

ಆದರೆ ಮನೆಯಲ್ಲಿ ಆ ಇಪ್ಪತ್ತು ಬಾಯಿ ಇಲ್ಲ. ನಿನ್ನೆ ಬಂದವನೇ ಲೈಟು ಹಾಕಿದೆ. ಅಭ್ಯಾಸ. ಹ್ಯಾಬಿಟ್ ಈಸ್ ಸೆಕೆಂಡ್... ಏನೋ.

ಜೂನ್ 17, ಮಂಗಳವಾರ. ಸಂಜೆ

ಎರಡು ದಿನ ಯೋಚಿಸಿ ಇವತ್ತು ಚಿಕ್ಕಬೀರಮ್ಮನ ಮನೆಗೆ ನಾನೇ ಹೋದೆ. ಅವರೆಕಾಳು ಆರಿಸುತ್ತಿದ್ದಳು.

"ಅಕ್ಕ, ಸಂಜೆ ಬಂದು ಅವ್ವನ ಪಾಲು ಹೇಳುತ್ತೀಯಾ? ದಾರಿಯಲ್ಲಿ ಹೇಳಿದ ಹಾಗೆ. ನಾನು ನನ್ನದು ಹೇಳುತ್ತೇನೆ."

ಕಾಳು ಆರಿಸುವುದು ನಿಲ್ಲಲಿಲ್ಲ. "ಊಂಹೂಂ."

"ಯಾಕೆ?"

"ಗ್ಯಾನಮ್ಮನ ಜಾಗ್ದಲ್ಲಿ ನಾನ್ಯಾಕ್ ಕುಂತ್ಕಳ್ಲಿ? ಅದು ಮನೆಯೋರ ಜಾಗ." ಮೊರ ತಟ್ಟಿದಳು. "ಅದೇನೋ ಸಂತ ಮರಿಯಾ ಅಂತೀಯಲ್ಲ, ನಿಂದು, ಅದನ್ನ ಕಲ್ತಿವ್ನಿ. ಮೂರ್ ದಿನದಿಂದ ಎಮ್ಮೆ ಮುಂದೆ ಯೋಳ್ತಾ ಇವ್ನಿ. ಎಮ್ಮೆಗೂ ಬತ್ತದೆ ಈಗ."

"ಮತ್ತೆ ಶುರು ಯಾರು ಮಾಡೋದು?"

"ಕೇಳ್ತಾನೆ ನೋಡು."

ಮತ್ತೆ ಕಾಳಿಗೆ ಬಗ್ಗಿದಳು. ನಾನು ಮನೆಗೆ ಬಂದೆ.

ಈಗ ಜಗುಲಿಯಲ್ಲಿದ್ದೇನೆ. ಲೈಟು ಹಾಕಿಲ್ಲ. ಕರಗಿದ ಮೇಣ ಇನ್ನೂ ಇದೆ, ಅದರ ಪಕ್ಕದಲ್ಲೇ ಅವಳು ಬಂದು ಕೂತಿದ್ದಾಳೆ, ಗೋಡೆಗೆ ಒರಗಿ, ಬಾಯಲ್ಲಿ ಎಲೆಅಡಿಕೆ. ನನ್ನ ಕಡೆ ನೋಡುತ್ತಿಲ್ಲ. ಒಳಗೆ ಅವ್ವ ಮೊಣಕಾಲೂರುತ್ತಿದ್ದ ಚಾಪೆ ಹಾಸಿದ್ದೇನೆ. ಜಪಸರ ಎಡಗೈಯಲ್ಲಿದೆ, ಪೆನ್ನು ಬಲಗೈಯಲ್ಲಿ. ಹುಣಸೇಮರದ ತುದಿಯಲ್ಲಿ ಇನ್ನೂ ಸ್ವಲ್ಪ ಬಿಸಿಲಿತ್ತು, ಈಗ ಇಲ್ಲ. ಎಷ್ಟು ದಿನವಾಗಿತ್ತು ಈ ಹೊತ್ತು ನೋಡಿ.

ಕರು ಕಟ್ಟಿಲ್ಲ. ಇರಲಿ. ಜಪದ ನಡುವೆ ನೆನಪಾಗುತ್ತದೆ.

ಮೇಲಿನ ಸಾಲೂ ಈ ಸಾಲೂ ಒಂದರ ಮೇಲೊಂದು ಹತ್ತಿದವೋ ಏನೋ, ತಿಳಿಯುತ್ತಿಲ್ಲ. ಪೆನ್ನಿನ ತುದಿ ಕಾಣುತ್ತಿದೆ, ಅದು ಬರೆದದ್ದು —

"ಅಕ್ಸರ ಕಾಣ್ತವೇನಪ್ಪಾ?"

ಇಲ್ಲ ಅಕ್ಕ. ಕಾಣ